ಪ್ಯಾರಾಚೂಟಿಗೆ ನಾನು ಹಾಕಿದ ಗಂಟು

ಬಟ್ಟೆ ಎಂಬ ಹೆಸರಿನ ಯಾವ ವಸ್ತುವನ್ನಾದರೂ ನಾನು ಮಡಚಬಲ್ಲೆ. ಕಟಪಾಡಿಯಲ್ಲಿ ಸೀರೆ ಅಂಗಡಿ ಇಟ್ಟು ತಲೆ ನರೆತವನಿಗೆ ಇಷ್ಟಾದರೂ ಅಹಂಕಾರ ಬೇಡವೇ?

ನನ್ನ ಹೆಂಡತಿ ಸುಜಾತಳ ತಮ್ಮ ಪ್ರದೀಪ ದುಬೈಯಲ್ಲಿದ್ದಾನೆ. ರಜಾದಿನಗಳಲ್ಲಿ ವಿಮಾನದಿಂದ ಹಾರುವುದು ಅವನ ಹುಚ್ಚು. ಈ ಸಲ ಊರಿಗೆ ಬಂದವನು ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ಬೆನ್ನಚೀಲ ಇಟ್ಟ.

"ಹೊಸ ಡಿಸೈನಿನ ಪ್ಯಾರಾಚೂಟ್ ಭಾವ. ಮೆಲ್ಲ ಬಿಚ್ಚಿಕೊಳ್ಳುತ್ತದೆ. ಇದು ಕೈಕೊಟ್ಟರೆ ಒಳಗೆ ಇನ್ನೊಂದು ಉಂಟು. ನನಗೆ ಪ್ರಜ್ಞೆ ತಪ್ಪಿದರೂ ಪುಟ್ಟ ಮೆಷಿನ್ ಅದನ್ನು ತಾನಾಗಿ ಬಿಡಿಸುತ್ತದೆ. ಕಂಪೆನಿಯವರೇ ಹೇಳಿದ್ದು, ಹೆದರಲಿಕ್ಕೆ ಎಂತದೂ ಇಲ್ಲ. ಮಡಚಿ ರೆಡಿ ಇಟ್ಟಿದ್ದೇನೆ, ದುಬೈಯಲ್ಲಿ ಇಳಿದ ಮರುದಿನವೇ ಹಾರುವುದು!"

ಕಂಪೆನಿಯವರ ಮಾತು! ಬಣ್ಣ ಹೋಗುವುದಿಲ್ಲ, ಗ್ಯಾರಂಟಿ ಎಂದು ದಿನವಿಡೀ ಹೇಳುವವನು ನಾನು. ಆ ಶಬ್ದದ ಬೆಲೆ ನನಗೆ ಗೊತ್ತಿಲ್ಲವೇ?

ಭಾನುವಾರ ಅಕ್ಕ ತಮ್ಮ ಇಬ್ಬರೂ ಕಾರ್ಕಳದ ನೆಂಟರ ಮನೆಗೆ ಹೋದರು. ನಾನು ಸದರಿ ಚೀಲದ ತಪಾಸಣೆಗೆ ಕುಳಿತೆ. ಕೆಳಗೊಂದು ಹಿಡಿ ಕಾಣಿಸಿತು. ಹಿಡಿ ಇರುವುದು ಎಳೆಯಲಿಕ್ಕಲ್ಲವೇ? ಎಳೆದೆ. ಪುಟ್ಟ ಕೊಡೆಯಂಥದ್ದೊಂದು ಬಂತು. ಬಿಡದೆ ಎಳೆದೆ. ಅದರ ಹಿಂದೆ ಹಗ್ಗ ಬಂತು, ಹಗ್ಗದ ಹಿಂದೆ ಕಿತ್ತಳೆ ಬಣ್ಣದ ಬಟ್ಟೆ ಬಂತು. ಬಂತು, ಬಂತು, ಅಡುಗೆಮನೆಯ ತನಕ ಬಂತು!

ಪ್ರದೀಪ ಅದನ್ನು ಒಳಗೆ ತುರುಕಿದ್ದ ಚಂದ ನೋಡಿ ನನಗೆ ಸಿಟ್ಟೇ ಬಂತು. ರೇಷ್ಮೆ ಸೀರೆಯಂತೆ ಅಂಚಿಗೆ ಅಂಚು ಕೂಡಿಸಿ ಮಡಚಿದೆ. ಪದರಕ್ಕೊಂದು ನುಸಿಗುಳಿಗೆ ಇಟ್ಟೆ. ಸಿಕ್ಕುಸಿಕ್ಕಾಗಿದ್ದ ಹಗ್ಗಗಳನ್ನು ಒಟ್ಟುಗೂಡಿಸಿ, ಅಂಗಡಿಯ ಟ್ವೈನ್ ದಾರದಿಂದ ಬಿಗಿದು ಕಟ್ಟಿದೆ. ಚೀಲದ ಮೇಲೆ ಕುಳಿತು ಅದರ ಬಾಯಿ ಮುಚ್ಚಿದೆ. ಅವರು ಬಂದಾಗ ನನ್ನ ಬಾಯಿಯೂ ಮುಚ್ಚಿತ್ತು.

ಮರುದಿನ ಬೆಳಿಗ್ಗೆ, ದುಬೈಗೆ ಹೊರಡಲಿದ್ದ ಪ್ರದೀಪನಿಗೆ ಟಾಟಾ ಹೇಳಿ ಅಂಗಡಿಗೆ ಬಂದೆ. ಗಿರಾಕಿ ಹೆಂಗಸೊಬ್ಬರು ಸೀರೆಗಳ ಕಟ್ಟು ನೋಡಿ ಕೇಳಿದರು.

"ಬಸ್ಸಿನಲ್ಲಿ ಬಿಚ್ಚಿಹೋಗ್ಲಿಕ್ಕಿಲ್ಲ ಅಲ್ವಾ?"

"ಕತ್ತರಿ ಇಲ್ಲದೆ ಬಿಚ್ಚುವ ಗಂಟೇ ಅಲ್ಲ ಅಮ್ಮ. ಗ್ಯಾರಂಟಿ!"

ಅಂದವನ ಕೈ ಅಲ್ಲೇ ನಿಂತಿತು. ಅದೇ ದಾರ. ಅದೇ ಗಂಟು. ಆಕಾಶದಲ್ಲಿ ಕತ್ತರಿ ಕೊಡುವವರು ಯಾರು?

ಒಳಗೆ ಇನ್ನೊಂದು ಉಂಟಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅದರ ಸಂದಿಯಲ್ಲೂ ನಾನು ಬೆರಳು ಹಾಕಿದ್ದೆನೇ? ನೆನಪಾಗಲಿಲ್ಲ. ಪ್ರದೀಪನಿಗೆ ಫೋನ್ ಮಾಡಿದೆ. ಎತ್ತಿದವಳು ಸುಜಾತ.

"ಊರಿನ ಸಿಮ್ಮು ಅಲ್ವಾ, ಫೋನು ನನಗೇ ಕೊಟ್ಟು ಹೋದ. ಏರ್‌ಪೋರ್ಟಿಗೆ ಟ್ಯಾಕ್ಸಿ ಈಗಷ್ಟೇ ಹೊರಟಿತು. ಎಂತ ಆಯ್ತು ಮಾರಾಯ್ರೆ?"

"ಎಂತ ಇಲ್ಲ" ಎಂದೆ.

ಗಿರಾಕಿಯನ್ನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ. ಕಾಪು ದಾಟಿತು, ಪಡುಬಿದ್ರಿ ದಾಟಿತು, ಟ್ಯಾಕ್ಸಿ ಇಲ್ಲ. ಕಣ್ಣ ಮುಂದೆ ಪ್ರದೀಪ ಕಲ್ಲಿನ ಹಾಗೆ ಬೀಳುತ್ತಿದ್ದ, ಅವನ ತಲೆಯ ಮೇಲೆ ಚಂದವಾಗಿ ಮಡಚಿದ ಕಿತ್ತಳೆ ಸೀರೆ! ನಾನು ಗಟ್ಟಿಯಾಗಿ ಅಳುತ್ತಲೇ ಹೋದೆ.

ಹೆಜಮಾಡಿ ಟೋಲಿನಲ್ಲಿ ಟ್ಯಾಕ್ಸಿ ನಿಂತಿತ್ತು. ಅದರ ಫಾಸ್ಟ್ಯಾಗಿನಲ್ಲಿ ಹಣ ಮುಗಿದಿತ್ತಂತೆ. ದೇವರಿದ್ದಾನೆ!

"ಚೀಲ ಬಿಚ್ಚು ಮಾರಾಯ, ಬಿಚ್ಚು!"

ರಸ್ತೆ ಬದಿಯಲ್ಲೇ ಬಿಚ್ಚಿದ. ನುಸಿಗುಳಿಗೆಗಳು ಹೆದ್ದಾರಿಗೆ ಉರುಳಿದವು. ಗಂಟು ನೋಡಿ ಅವನ ಮುಖ ಬಿಳುಚಿತು.

"ಭಾವ, ಈ ಡಿಸೈನ್ ಮಾಡಿದವರು ಎಲ್ಲ ಆಲೋಚನೆ ಮಾಡಿದ್ದಾರೆ. ಗಾಳಿ, ಸಿಕ್ಕು, ಪ್ರಜ್ಞೆ ತಪ್ಪುವುದು, ಎಲ್ಲ. ಮನೆಯಲ್ಲಿ ಭಾವ ಇದ್ದರೆ ಎಂತ ಮಾಡುವುದೂಂತ ಮಾತ್ರ ಆಲೋಚನೆ ಮಾಡಲಿಲ್ಲ."

ದುಬೈಗೆ ಹೋಗಿ ಚೀಲವನ್ನು ಪೂರ್ತಿ ಪರೀಕ್ಷೆ ಮಾಡಿಸಿಯೇ ಹಾರಿದ. ಸುಖವಾಗಿ ಇಳಿದ. ಈಗ ಊರಿಗೆ ಬರುವಾಗ ಚೀಲಕ್ಕೊಂದು ಬೀಗ ಹಾಕಿ ತರುತ್ತಾನೆ. ಪ್ಯಾರಾಚೂಟ್ ಲೋಕದ ಅತ್ಯಂತ ಹೊಸ ಸುರಕ್ಷತಾ ಸಾಧನಕ್ಕೆ ಕಾರಣನಾದವನು ನಾನು! ಅವನು ಊರಿನಲ್ಲಿರುವಷ್ಟು ದಿನ ಅದರ ಕೀಲಿ ಮಾತ್ರ ಸುಜಾತಳ ಸೊಂಟದಲ್ಲಿರುತ್ತದೆ.