ನಾಲ್ಕು ಗಂಟೆಯ ಸೂಜಿ

೧೯೮೯ರಲ್ಲಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ನನ್ನ ಸೋದರಮಾವ ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಕಲಿಸಿದವರು. ಮನುಷ್ಯನ ಮೆದುಳು ಹೇಗೆ ತೀರ್ಮಾನ ಮಾಡುತ್ತದೆಂದು ಅವರಷ್ಟು ಬಲ್ಲವರು ಈ ಅವಳಿ ನಗರದಲ್ಲಿಲ್ಲ. ಅವರ ಮೆದುಳು ತೀರ್ಮಾನ ಮಾಡಿದ್ದನ್ನು ಕಂಡವರೂ ಇಲ್ಲ!

"ಮೆದುಳು ಯಾವುದನ್ನೂ ಒಂಟಿಯಾಗಿ ತೂಗಂಗಿಲ್ಲೋ ತಮ್ಮಾ. ಮಗ್ಗಲಕ ಇನ್ನೊಂದು ಬೇಕು," ಎನ್ನುತ್ತಾರೆ. ಖಾನಾವಳಿಯಲ್ಲಿ ಎಣ್ಣೆಗಾಯಿಯ ಮಗ್ಗುಲಿಗೆ ಹೆಸರುಕಾಳಿನ ಪಲ್ಯ ಇಟ್ಟು ಯೋಚಿಸುತ್ತಾರೆ. ಗೆದ್ದದ್ದರ ಮಗ್ಗುಲಿಗೆ ಝುಣಕ. ಅಷ್ಟರಲ್ಲಿ ಬಡಿಸುವವನು ಬಂದು, "ಯಜಮಾನ್ರ, ಮೂರೂ ಖಾಲಿ ಆದೂರಿ. ಬರೇ ಮಸರನ್ನ ಐತಿ," ಎಂದರೆ ಮಾವನಿಗೆ ಪರಮಾನಂದ. ಹೋಲಿಸುವ ಕಷ್ಟವೇ ತಪ್ಪಿತಲ್ಲ!

ಇಂಥವರು ನನಗೆ ಅಂಗಡಿ ಹುಡುಕಿಕೊಡಲು ಬಂದರು! ಹಳೇ ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಹೊಲಿಗೆ ಅಂಗಡಿ ನಡೆಸಿದ ಕಟ್ಟಡವನ್ನು ಮಾಲೀಕರು ಕೆಡವುವವರಿದ್ದರು. ತಿಂಗಳೊಳಗೆ ಬೇರೆ ಜಾಗ ಸಿಗದಿದ್ದರೆ ಮಷೀನುಗಳು ಬೀದಿಗೆ, ನಾನು ಇನ್ನೊಬ್ಬರ ಅಂಗಡಿಗೆ ಕೂಲಿಯಾಗಿ. ನನ್ನದು ಕತ್ತರಿ ಹಿಡಿದ ಕೈ. ಬಟ್ಟೆಗೆ ಹಚ್ಚಿದ ಮೇಲೆ ಹಿಂದೆ ನೋಡುವ ಮಾತಿಲ್ಲ. ಬಾಡಿಗೆಗಿದ್ದ ಮೊದಲ ಖೋಲಿ ಕಂಡೊಡನೆ "ತಗೋತೇನಿ" ಎನ್ನುವವನಿದ್ದೆ. ಮಾವ ತೋಳು ಹಿಡಿದರು. ಕಿಸೆಯಿಂದ ಸೂಜಿ, ಕರಿ ದಾರ ತೆಗೆದು, ಸರಿಯಾಗಿ ನಾಲ್ಕು ಗಂಟೆಗೆ ಕಿಟಕಿಯ ಬಳಿ ನಿಂತು ಪೋಣಿಸಿದರು.

"ಮೂರನೇ ಸಲಕ್ಕ ದಾರ ಹೋತು. ಬೆಳಕು ಅಡ್ಡಿಯಿಲ್ಲ, ಹೊಲಿಯಾಕ ನಡೀತೈತಿ. ಇನ್ನ ಎರಡನೇ ಖೋಲಿ ನೋಡೂಣು."

"ಈಗ ಹೋಗೂಣ್ರಿ ಮಾಮಾ, ಬಾಜೂಕ ಐತಿ."

"ಈಗ ನಾಕೂವರಿ ಆತು. ಬೆಳಕು ಬ್ಯಾರೆ ಆತಲ್ಲೋ! ನಾಳೆ ನಾಕಕ್ಕ."

ಮರುದಿನ ಎರಡನೆಯದರಲ್ಲಿ ಪೋಣಿಸುವಷ್ಟರಲ್ಲಿ ಮೊದಲನೆಯದು ಮೊಬೈಲ್ ರಿಪೇರಿಯವನ ಪಾಲಾಗಿತ್ತು. ಮೂರನೆಯದನ್ನು ನೋಡುವಷ್ಟರಲ್ಲಿ ಎರಡನೆಯದೂ ಹೋಯಿತು. ಮೋಡ ಕವಿದ ದಿನ ಪರೀಕ್ಷೆಯೇ ರದ್ದು! ಹೀಗೆ ಐದು ಖೋಲಿ ಕೈತಪ್ಪಿದವು. ಗಡುವಿಗೆ ನಾಲ್ಕು ದಿನ ಉಳಿದಾಗ ನಾನು ಸಿಡಿದೆ.

"ಮಾಮಾ, ನೀವು ಮನ್ಯಾಗ ಕುಂದರ್ರಿ. ನಿಮ್ಮ ಸೂಜಿ ನನ್ನ ಅಂಗಡೀನ ಮುಚ್ಚಿಸ್ತು!"

ಅವರು ಸೂಜಿಯನ್ನು ಕಿಸೆಗೆ ಹಾಕಿಕೊಂಡರು. ಮೊದಲು ಬಂದ ಧಾರವಾಡದ ಬಸ್ಸನ್ನೇ ಹತ್ತಿಬಿಟ್ಟರು. ಆಗಲೇ ನನಗೆ ಗಾಬರಿಯಾಗಬೇಕಿತ್ತು!

ಮರುದಿನ ಬೆಳಿಗ್ಗೆ ಫೋನು: "ಮಷೀನ ಟೆಂಪೋದಾಗ ಹಾಕ್ಕೊಂಡು ಲಗೂ ಬಾ."

ಹೋಗಿ ನೋಡಿದರೆ, ಅವರ ಮನೆಯ ಮುಂದಿನ ಖೋಲಿ, ನಲವತ್ತು ವರ್ಷ ಕೂತು ಓದಿದ ಖೋಲಿ, ಬರಿದಾಗಿತ್ತು. ಪುಸ್ತಕದ ಕಪಾಟುಗಳು ಅಡುಗೆಮನೆಯ ಗೋಡೆಗೆ ಆತು ನಿಂತಿದ್ದವು. ಓದುವ ಕುರ್ಚಿ ನೀರಿನ ಹಂಡೆಯ ಪಕ್ಕ.

"ಸೂಜಿ ಪೋಣಿಸಿ ನೋಡಿದ್ರೇನ್ರಿ?" ಎಂದೆ.

"ಇಲ್ಲಪಾ. ನನಗ ಇರೂ ಅಳಿಯ ನೀ ಒಬ್ಬನ. ಮಗ್ಗಲಕ ಯಾರನ್ನ ಇಟ್ಟು ನೋಡ್ಲಿ?"

ಈಗ ನನ್ನ ಬಳಿ ಇರುವುದಿಷ್ಟು: ಮಷೀನು ಮೂರು. ಕತ್ತರಿ ಎರಡು. ಪಡುವಣ ಕಿಟಕಿ ಒಂದು. ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬರುವ ಹಳೆಯ ಗಿರಾಕಿಗಳು ಹದಿನೈದು. ಯಾವುದನ್ನು ಮೊದಲು ಹೊಲಿಯಬೇಕೆಂದು ಇನ್ನೂ ತೀರ್ಮಾನವಾಗದ, ಮಾವನ ಅಂಗಿ ಬಟ್ಟೆ ಎರಡು. ಮಾವ, ಒಬ್ಬರು.