ಪ್ರೋಟಾನ್ ಹಿಡಿಯಲು ಹೋದ ಮೇಷ್ಟ್ರ ಪಾಡು

ಅಣುರೇಣುವಿನಲ್ಲಿದ್ದೂ ಯಾವ ಯಂತ್ರಕ್ಕೂ ಸಿಗದ ಸ್ವಾಮಿಗೆ ಮೊದಲ ನಮಸ್ಕಾರ.

ಶಿರಸಿಯಲ್ಲಿ ಕಾಲೇಜು ಮೇಷ್ಟ್ರಾದ ನನಗೆ ರಜೆ ಬಂತೆಂದರೆ ನಗೆಪಾಟಲೂ ಬಂತೆಂದೇ ಲೆಕ್ಕ. ಪ್ರತಿ ರಜೆಗೂ ದೂರದ ಲೇಸರ್ ಪ್ರಯೋಗಾಲಯಕ್ಕೆ ಹೋಗುತ್ತೇನೆ. ಕೂದಲಿಗಿಂತ ತೆಳುವಾದ ಲೋಹದ ಹಾಳೆಗೆ ಲೇಸರ್ ಮಿಂಚು ಹೊಡೆದರೆ ಅದರ ಬೆನ್ನಿನಿಂದ ಪ್ರೋಟಾನುಗಳು ಚಿಮ್ಮುತ್ತವೆ. ಅವನ್ನು ಹದ್ದುಬಸ್ತಿನಲ್ಲಿ ಒಂದೇ ಕಡೆ ಕಳಿಸುವುದು ನಮ್ಮ ತಂಡದ ಕೆಲಸ. ಆರು ವರ್ಷದಿಂದ ಹೆಣಗುತ್ತಿದ್ದೇವೆ. ಈ ಬೇಸಿಗೆ ಪರಿಶೀಲನಾ ಸಮಿತಿಗೆ ಕಿರಣ ತೋರಿಸದಿದ್ದರೆ ಪ್ರಯೋಗಕ್ಕೇ ಮಂಗಳ.

ಯಲ್ಲಾಪುರದ ಬಸ್ಸಿನಲ್ಲಿ

ನನ್ನ ಲೇಸರ್ ಪುರಾಣ ಕೇಳಿಸಿಕೊಂಡ ಪಕ್ಕದ ಸೀಟಿನ ಹಿರಿಯರು ಕೇಳಿದರು, "ಎಷ್ಟೊತ್ತು ಉರೀತದ್ರಿ ನಿಮ್ಮ ಬೆಳಕು?"

"ಕಣ್ಣು ಮಿಟುಕಿಸುವುದರಲ್ಲಿ ಕೋಟಿಗೊಂದು ಪಾಲು. ಅಷ್ಟೂ ಇಲ್ಲ."

"ಮತ್ತೊಮ್ಮೆ ಬರ್ಬೇಕಂದ್ರ?"

"ಅರ್ಧ ತಾಸು ಕಾಯಬೇಕು."

"ನಮ್ಮೂರ ಕರೆಂಟೂ ಹಂಗೇ. ಲೈನ್‌ಮನ್ನಿಗೆ ಯಾರೂ ಡಾಕ್ಟರೇಟ್ ಕೊಡ್ಲಿಲ್ಲ ನೋಡ್ರಿ!"

ಸಿದ್ದಾಪುರದ ಮದುವೆಯಲ್ಲಿ

ಬಡಿಸುವ ಯಜಮಾನರ ಹತ್ತಿರ ಸಂಕಟ ತೋಡಿಕೊಂಡೆ. "ಚಿಮ್ಮಿದ ಪ್ರೋಟಾನುಗಳು ದಿಕ್ಕಾಪಾಲಾಗಿ ಚದುರುತ್ತವೆ."

"ಎರಡನೇ ಪಂಕ್ತಿಗೆ ಜನ ಬಿಟ್ಟ ಹಾಗೆ," ಎಂದರು. "ಬಾಗಿಲು ಸಣ್ಣದು ಮಾಡಿ, ಎದುರಿಗೆ ಪಾಯಸ ಇಡಿ. ಸಾಲಾಗಿ ಬರದೇ ಎಲ್ಲಿಗೆ ಹೋಗ್ತಾವೆ?"

ನನ್ನ ಆರು ವರ್ಷಕ್ಕಿಂತ ಆ ಪಾಯಸವೇ ಮೇಲೆನಿಸಿತು.

ಸಮಿತಿ ಬಂದ ದಿನ

ಹಾಳೆ ನೋಡಿಕೊಳ್ಳುವ ಸಹೋದ್ಯೋಗಿಗೆ ಜ್ವರ. ಆ ಕೆಲಸ ನನ್ನ ಪಾಲಿಗೆ ಬಂತು. ಸ್ನಾನ, ಜಪ ಮುಗಿಸಿ ಹೋದೆ. ದೊಡ್ಡ ಕಾರ್ಯ, ಮೈಲಿಗೆ ಸಲ್ಲದು! ಗಾಳಿ ತೆಗೆದ ಪೆಟ್ಟಿಗೆಯೊಳಗೇ ಹಾಳೆಯನ್ನು ಕಾಯಿಸಿ, ಜಿಡ್ಡು, ಪಸೆ ಒಂದೂ ಉಳಿಯದಂತೆ ಚೊಕ್ಕ ಮಾಡಿದೆ.

ಲೇಸರ್ ಹೊಡೆಯಿತು. ಸೊನ್ನೆ. ಅರ್ಧ ತಾಸು ಕಾದು ಮತ್ತೆ ಹೊಡೆದೆವು. ಸೊನ್ನೆ. ಸಮಿತಿಯವರು ಗಡಿಯಾರ ನೋಡಿದರು, ನಾನು ಮೇಲೆ ನೋಡಿದೆ.

ತಂಡದ ಮುಖ್ಯಸ್ಥೆ ಕೇಳಿದರು, "ಮೇಷ್ಟ್ರೇ, ಹಾಳೆಗೆ ಏನು ಮಾಡಿದಿರಿ?"

"ಶುದ್ಧ ಮಾಡಿದೆ, ಮೇಡಂ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ನಮ್ಮ ಪ್ರೋಟಾನು ಬರುವುದೇ ಆ ಜಿಡ್ಡು, ಪಸೆಯಿಂದ!"

ಪೆಟ್ಟಿಗೆ ತೆರೆದು ಹಾಳೆಗೆ ಹೊರಗಿನ ಗಾಳಿಯ ಪಸೆ ಹತ್ತಿಸಿ, ಮುಚ್ಚಿ ಮತ್ತೆ ಗಾಳಿ ತೆಗೆದೆವು. ಮೂರನೇ ಹೊಡೆತಕ್ಕೆ ಪರದೆಯ ಮೇಲೆ ಕಿರಣ ಮೂಡಿತು. ಪ್ರಯೋಗ ಉಳಿಯಿತು.

ಊರಿಗೆ ಮರಳಿ ಹೆಗ್ಗರಣೆಯ ಅತ್ತೆಯ ಮನೆಗೆ ಹೋದೆ. ಅವರು ಮಡಿಯಲ್ಲಿ ಅಡುಗೆ ಮಾಡುತ್ತಲೇ ಈ ಕಥೆಯನ್ನೆಲ್ಲ ಕೇಳಿ, ಸೌಟು ಎತ್ತಿ ನನ್ನನ್ನು ಬಾಗಿಲಲ್ಲೇ ತಡೆದರು.

"ಹಂಗಾರೆ ತಮಾ, ನಿನ್ನ ಪ್ರೋಟಾನು ಮಡೀಲಿ ಬತ್ತಿಲ್ಲೆ. ಅದ್ನ ಅಡುಗೆಮನೆಗೆ ಮಾತ್ರ ತರಡ!"

ನಮ್ಮ ಜಿಡ್ಡನ್ನೂ ಕೆಲಸಕ್ಕೆ ಹಚ್ಚುವ ಆ ಸ್ವಾಮಿ, ಇದನ್ನು ಕೇಳಿದವರೆಲ್ಲರನ್ನೂ ತಣ್ಣಗಿಡಲಿ.