ಕೆಮ್ಮಣ್ಣಿನ ಗೆರೆ

ಎಲ್ಲಾ ಹಾಳಾಗಿದ್ದು ಆ ಪೆನ್ನಿನಿಂದ. ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟ ಚಿತ್ರದ ಮೇಲೆ ಕೂತಲ್ಲಿಂದಲೇ ಗೆರೆ ಎಳೆಯುವ ಪೆನ್ನದು. ರಸ್ತೆ ಇಲಾಖೆಯ ಕಚೇರಿಯಿಂದ ಕೊಟ್ಟಾಗ ಸರ್ವೇಯರ್ ತೀರ್ಥೇಶ ಎರಡು ದಿನ ಜೇಬಿಗೆ ಸಿಕ್ಕಿಸಿಕೊಂಡು ಮೆರೆದ. ಪಾಪ, ಅವನಿಗೇನು ಗೊತ್ತು.

ಅಜ್ಜಂಪುರದ ಪಕ್ಕದ ಹಳ್ಳಿಗೆ ಹೊಸ ರಸ್ತೆ ಆಗಬೇಕಿತ್ತು. ಜಮೀನಿನವರು ಹತ್ತು ಜನ ಒಪ್ಪಬೇಕು. ಇವತ್ತೇ ಒಪ್ಪಿಸದಿದ್ದರೆ ಲಕ್ಕವಳ್ಳಿಗೆ ವರ್ಗ ಎಂದು ಇಂಜಿನಿಯರ್ ವಿಶ್ವನಾಥ್ ಹೇಳಿದ್ದರು. ತೀರ್ಥೇಶ ಆ ಹಳ್ಳಿಯ ದೇವೀರಪ್ಪನವರ ಮನೆಯಳಿಯ. ಮಾವನ ಮನೆಯ ಬಿಸಿರೊಟ್ಟಿ ಬಿಟ್ಟು ಹೋಗಲು ಅವನಿಗೆ ಸುತಾರಾಂ ಮನಸ್ಸಿರಲಿಲ್ಲ.

ಸಮುದಾಯ ಭವನದ ಕಿಟಕಿಗಳಿಗೆ ಟಾರ್ಪಾಲು ಕಟ್ಟಿ, ಹತ್ತು ಜನರನ್ನೂ ಕೂರಿಸಿ, ಗೋಡೆಗೆ ಊರಿನ ನಕ್ಷೆ ಬಿಟ್ಟು, ಒಂದು ಕೆಂಪು ಗೆರೆ ಎಳೆದ.

“ಅದು ನನ್ ತೋಟ ಅಲ್ವೇನಪ್ಪಾ?” ಕೆಂಚಪ್ಪ ಎದ್ದು ನಿಂತ. “ನನ್ನ ತೆಂಗಿನ ಮೇಲೇ ಯಾಕ್ ಬಂತು ಗೆರೆ? ಯಾರು ಹೇಳ್ಕೊಟ್ರು?”

ತೀರ್ಥೇಶ ಗಾಬರಿಯಾಗಿ ಅಳಿಸಿದ.

“ನೋಡ್ರಿ, ಒಂದ್ ಮಾತಿಗೇ ಅಳ್ಸ್‌ಬಿಟ್ಟ,” ಅಂದಳು ಕರಿಯಮ್ಮ. “ಮೊದ್ಲೇ ಮಾತಾಡ್ಕಂಡವ್ರೆ ಇಬ್ರೂ.”

ಗೆರೆ ಪಕ್ಕಕ್ಕೆ ಸರಿದರೆ ಅಲ್ಲಿ ಕರಿಯಮ್ಮನದೇ ಹೊಲ. ಕೆಳಗೆ ಇಳಿಸಿದರೆ ತಿಪ್ಪೇಶನ ಕೊಟ್ಟಿಗೆ. ಎಳೆದಷ್ಟೂ ಅನುಮಾನ, ಅಳಿಸಿದರೆ ಇನ್ನೂ ಅನುಮಾನ. ಕೊನೆಗೆ ಗೆರೆ ಬೇಲಿಯ ಮೇಲಿನ ಓತಿಕ್ಯಾತದ ಹಾಗೆ ಅಲ್ಲಿ ಇಲ್ಲಿ ಓಡತೊಡಗಿತು.

ಕೆಂಚಪ್ಪ ಕಣ್ಣು ಕಿರಿದು ಮಾಡಿದ. “ಅಲ್ಲಾ ಕಣ್ರೀ, ಇದು ಎಲ್ಲಾರ ಜಮೀನಿಗೂ ಹೋಗ್ ಬತ್ತೈತೆ, ದೇವೀರಪ್ಪನ ತೋಟದ ಹತ್ರ ಮಾತ್ರ ಸೊಟ್ಟಗಾಯ್ತದಲ್ಲ. ಏನಿರ್ಬೋದು?”

ಎಲ್ಲರೂ ಅಳಿಯನನ್ನು ನೋಡಿದರು. ತೀರ್ಥೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಾವ ಬೀರೂರಿಗೆ ಹೋಗಿದ್ದಾರೆ. ಇದೇನು ಬರೀ ಬೆಳಕಿನ ಗೆರೆ, ಈಗ ಒಪ್ಪಿಸಿಬಿಟ್ಟರೆ ಸಂಜೆ ಅಳಿಸಿ ಬೇರೆ ಎಳೆದರಾಯಿತು ಎಂದುಕೊಂಡ. ಧೈರ್ಯ ಮಾಡಿ ಎಲ್ಲರ ಜಮೀನಿನ ಜೊತೆಗೆ ಮಾವನ ತೋಟದ ನಟ್ಟನಡುವೆಯೂ ಗೆರೆ ಹಾಯಿಸಿದ. ಸಭೆಗೆ ಸಮಾಧಾನವಾಯಿತು. ಅವನು ಒಪ್ಪಿಗೆಯ ಕಾಗದ ಮುಂದಿಟ್ಟ.

“ಕಾಗ್ದಕ್ಕೆ ಹೆಬ್ಬೆಟ್ಟು ಹಾಕಾಕಿಲ್ಲ,” ಅಂದಳು ಕರಿಯಮ್ಮ. “ನಾವ್ ಅತ್ಲಾಗ್ ಹೋದ್ಮೇಲೆ ನೀನು ಬ್ಯಾರೆ ಗೆರೆ ಎಳ್ಕಂಡ್ರೆ? ತಡಿ, ಬತ್ತೀನಿ.”

ಜಗಲಿ ಸಾರಿಸಲು ಕಲಸಿಟ್ಟಿದ್ದ ಕೆಮ್ಮಣ್ಣಿನ ಡಬ್ಬ ಹಿಡಿದು ಬಂದಳು. ಬಟ್ಟೆ ಅದ್ದಿ, ಬೆಳಕಿನ ಗೆರೆಯ ಮೇಲೇ ಒಂದಿಷ್ಟೂ ಆಚೀಚೆ ಆಗದಂತೆ ಗೋಡೆಗೆ ಬಳಿದಳು. ಯಾವ ಜಮೀನು ಯಾರದೆಂದು ಪಕ್ಕದಲ್ಲಿ ಹೆಸರನ್ನೂ ಬರೆಸಿದಳು. ತೀರ್ಥೇಶ “ಅಮ್ಮಾ, ಬೇಡ, ಬೇಡ” ಅನ್ನುತ್ತಲೇ ಇದ್ದ. ಹತ್ತು ಜನವೂ ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟು ಒತ್ತಿದರು.

ಅಷ್ಟರಲ್ಲಿ ವಿಶ್ವನಾಥ್ ಬಂದರು. ತೀರ್ಥೇಶ ತಡಬಡಿಸಿ ಪ್ರೊಜೆಕ್ಟರ್ ಆರಿಸಿದ. ನಕ್ಷೆ ಹೋಯಿತು, ಗೆರೆ ಹೋಗಲಿಲ್ಲ.

“ಭೇಷ್,” ಎಂದು ಸಾಹೇಬರು ಗೋಡೆಯ ಫೋಟೊ ತೆಗೆದುಕೊಂಡರು. “ಜನಾನೇ ಎಳೆದ ರಸ್ತೆ. ಇದನ್ನೇ ಮೇಲಕ್ಕೆ ಕಳಿಸ್ತೀನಿ. ಈಗ ಹನ್ನೊಂದನೆಯವರು ಸೇರಿದ್ರಲ್ಲ, ದೇವೀರಪ್ಪ. ಅವರದ್ದೊಂದು ಸೈನ್ ನಾಳೆ ತಂದ್ಬಿಡಿ, ವರ್ಗದ ಮಾತೇ ಇರಲ್ಲ. ನಿಮ್ಮ ಮಾವನೇ ಅಲ್ವಾ, ಏನ್ ಕಷ್ಟ?”

ತೀರ್ಥೇಶ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕೃತಿಕಾಳ ಫೋನ್ ಬಂತು.

“ಅಪ್ಪ ಬೀರೂರಿಂದ ಬಂದ್ರು. ಕೆಂಚಪ್ಪಣ್ಣ ಆಗ್ಲೇ ಅಪ್ಪಂಗೆ ಗೋಡೆ ಫೋಟೊ ಕಳ್ಸವ್ರೆ,” ಅಂದಳು. “ಲಕ್ಕವಳ್ಳೀಲಿ ಚಳಿ ಜಾಸ್ತಿನಾ ಅಂತ ಕೇಳ್ತಾವ್ರೆ. ನಿಮ್ ಬ್ಯಾಗಿಗೆ ಅವ್ರೇ ಕಂಬಳಿ ತುರುಕ್ತಾವ್ರೆ.”